ಎಂಟು ಮಿಲಿಮೀಟರ್

ಊರಲ್ಲಿ, ಕೊಕ್ಕರ್ಣೆಯಲ್ಲಿ, ದೊಡ್ಡಪ್ಪಯ್ಯನಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಅಂತ ಬಯಾಪ್ಸಿಯಲ್ಲಿ ಗೊತ್ತಾಯ್ತು. ಅದೂ ಜೋರು ಜಾತಿಯದ್ದು. ಆಮೇಲೆ ಸಿ.ಟಿ. ಸ್ಕ್ಯಾನ್. ಕಿಬ್ಬೊಟ್ಟೆಯಲ್ಲಿ ಗಣನೀಯವಾಗಿ ದೊಡ್ಡದಾದ ಲಿಂಫ್ ನೋಡ್ ಇಲ್ಲ ಅಂತ ರಿಪೋರ್ಟ್ ಬಂತು. ದೊಡ್ಡಮ್ಮ ಬೆಂಗಳೂರಿಗೆ ಫೋನ್ ಮಾಡಿದ್ರು: "ಮಾಣಿ, ಹರಡ್ಲಿಲ್ಲ ಅಲ್ದಾ? ಮತ್ತೆ ಡಾಕ್ಟ್ರ್ ಇನ್ನೊಂದ್ ಸ್ಕ್ಯಾನ್ ಮಾಡ್ಕ್ ಅಂತ್ರಲೆ, ಎಂತಕ್ಕೆ?"

ನನ್ನದು ಸಾಫ್ಟ್‌ವೇರ್ ಕೆಲಸ. ಆದ್ರೂ 'ಗಣನೀಯ' ಅನ್ನೋದರ ಹಿಂದೆ ಒಂದು ಇಫ್ ಕಂಡೀಷನ್ ಇದ್ದೇ ಇರತ್ತೆ ಅನ್ನಿಸಿ ಹುಡುಕಿ ಓದಿದೆ. ಇತ್ತು! ಸಿ.ಟಿ., ಎಂ.ಆರ್.ಐ.ಗಳಲ್ಲಿ ಮುಖ್ಯವಾಗಿ ನೋಡೋದು ಗಾತ್ರ. ಕಿಬ್ಬೊಟ್ಟೆಯ ನೋಡ್ ಅಡ್ಡಳತೆಯಲ್ಲಿ ಸುಮಾರು 8 ಮಿ.ಮೀ. ದಾಟಿದರೆ ಅನುಮಾನ. ಆದರೆ 5 ಮಿ.ಮೀ. ನೋಡ್ ಒಳಗೂ ಕ್ಯಾನ್ಸರ್ ಕೂತಿರಬಹುದು. ದೊಡ್ಡದಾಗಿ ಊದಿಕೊಂಡದ್ದು ಬರೀ ಸೋಂಕಿನದ್ದೂ ಆಗಿರಬಹುದು. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ 2008ರ ಒಂದು ವಿಶ್ಲೇಷಣೆ ಪ್ರಕಾರ, ನೋಡ್‌ಗೆ ಹರಡಿದ್ದನ್ನು ಸಿ.ಟಿ. ಹಿಡಿದದ್ದು ಶೇ. 42, ಎಂ.ಆರ್.ಐ. ಶೇ. 39. ಅಂದ್ರೆ ಅರ್ಧಕ್ಕಿಂತ ಹೆಚ್ಚು ತಪ್ಪಿಸಿಕೊಳ್ಳತ್ತೆ...

ಡಾಕ್ಟರು ಹೇಳಿದ್ದು ಪಿ.ಎಸ್.ಎಂ.ಎ. ಪೆಟ್ ಸ್ಕ್ಯಾನ್. ಇದು ಗಾತ್ರ ನಂಬಿ ಕೂರಲ್ಲ. ಪ್ರಾಸ್ಟೇಟ್ ಕ್ಯಾನ್ಸರ್ ಕಣಗಳ ಮೈಮೇಲೆ ಪಿ.ಎಸ್.ಎಂ.ಎ. ಅನ್ನೋ ಪ್ರೋಟೀನ್ ಜಾಸ್ತಿ. ಅದಕ್ಕೆ ಅಂಟಿಕೊಳ್ಳೋ ವಸ್ತುವಿಗೆ ಗ್ಯಾಲಿಯಂ-68 ಕಟ್ಟಿ ರಕ್ತಕ್ಕೆ ಬಿಡ್ತಾರೆ. 68 ನಿಮಿಷಕ್ಕೆ ಅದರ ಶಕ್ತಿ ಅರ್ಧ ಆಗತ್ತೆ, ಹಾಗಾಗಿ ಎಲ್ಲ ಗಡಿಯಾರ ನೋಡಿಕೊಂಡೇ ಮಾಡಬೇಕು. ಆಸ್ಟ್ರೇಲಿಯಾದಲ್ಲಿ 302 ಜನರ ಮೇಲೆ ನಡೆದ ಅಧ್ಯಯನ 2020ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದಿತ್ತು. ಹರಡಿದೆಯೋ ಇಲ್ಲವೋ ಅಂತ ಸರಿಯಾಗಿ ಹೇಳಿದ್ದು ಇದು ಶೇ. 92, ಸಿ.ಟಿ. ಮತ್ತು ಮೂಳೆ ಸ್ಕ್ಯಾನ್ ಸೇರಿ ಶೇ. 65. ತೀರಾ ಸಣ್ಣವು ಇದಕ್ಕೂ ಕಾಣಲ್ಲ, ಅದು ಬೇರೆ ಮಾತು.

ಖರ್ಚಿನ ಲೆಕ್ಕ ಹಾಕಿ ದೊಡ್ಡಪ್ಪಯ್ಯ ಬೇಡ ಅಂದ್ರು. ದೊಡ್ಡಮ್ಮ ಕೇಳಲಿಲ್ಲ. ಮಾಡಿಸಿದ್ವಿ. ಎಡಗಡೆ 5 ಮಿ.ಮೀ. ನೋಡ್ ಒಂದು ಹೊಳೀತಾ ಇತ್ತು. ಸಿ.ಟಿ.ಯಲ್ಲೂ ಅದು ಇತ್ತಂತೆ, ಸಣ್ಣದು ಅಂತ ಲೆಕ್ಕಕ್ಕೆ ಬಂದಿರಲಿಲ್ಲ.

ಚಿಕಿತ್ಸೆಯೇ ಬದಲಾಯ್ತು. ಆಪರೇಷನ್ ಬದಲು ಈಗ ರೇಡಿಯೇಷನ್, ಕಿಬ್ಬೊಟ್ಟೆಯ ನೋಡ್‌ಗಳಿಗೂ ಸೇರಿಸಿ. ಜೊತೆಗೆ ಹಾರ್ಮೋನ್ ಇಂಜೆಕ್ಷನ್. ಮೈಯೆಲ್ಲಾ ಬಿಸಿಯಾಗತ್ತೆ ಅಂತ ದೊಡ್ಡಪ್ಪಯ್ಯ ಗೊಣಗ್ತಾ ಇದ್ದಾರೆ. ಗುಣ ಆಗತ್ತಾ ಅಂತ ಯಾರೂ ಜೋರಾಗಿ ಕೇಳ್ತಾ ಇಲ್ಲ.

ನಿಮ್ಮ ಮನೆಗೂ ಇಂಥ ರಿಪೋರ್ಟ್ ಬಂದ್ರೆ ಡಾಕ್ಟರ ಹತ್ರ ಒಂದು ಮಾತು ಕೇಳಿ: ಇಲ್ಲ ಅಂದ್ರೆ ನಿಜಕ್ಕೂ ಇಲ್ಲವೋ, ಅಥವಾ ಈ ಸ್ಕ್ಯಾನಿಗೆ ಕಾಣಲಿಲ್ಲವೋ?