ತಲಪಾಡಿ ದಾಟಿದ ಮೇಲೆ

ಮಂಗಳೂರಿನಿಂದ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ದಕ್ಷಿಣಕ್ಕೆ ಹೊರಟರೆ ಮೊದಲು ಸಿಗುವ ಗಡಿ ತಲಪಾಡಿ. ಅದರಾಚೆ ಕೇರಳ. ಅಂಗಡಿಗಳ ಬೋರ್ಡಿನಲ್ಲಿ ಮಲಯಾಳ ಕಾಣಿಸಿಕೊಂಡರೂ ಎಳನೀರು ಕೆತ್ತಿಕೊಟ್ಟವರು ನಮ್ಮನ್ನು ತುಳುವಿನಲ್ಲೇ ಮಾತಾಡಿಸಿದರು.

ಮಂಜೇಶ್ವರದಲ್ಲಿ ಗೋವಿಂದ ಪೈಗಳ ಮನೆ ನೋಡಿದೆವು. 1949ರಲ್ಲಿ ಮದ್ರಾಸ್ ಸರ್ಕಾರ ಅವರಿಗೆ ರಾಷ್ಟ್ರಕವಿ ಬಿರುದು ಕೊಟ್ಟಾಗ ಈ ಊರೂ ಮಂಗಳೂರೂ ಒಂದೇ ಜಿಲ್ಲೆಯಲ್ಲಿದ್ದವು. 1956ರ ನವೆಂಬರ್ 1ರಂದು ನಡುವೆ ಗಡಿ ಬಂತು.

ಮಧ್ಯಾಹ್ನ ಕುಂಬಳೆಯ ಗೆಳೆಯನ ಮನೆಯಲ್ಲಿ ಕುಚ್ಚಲಕ್ಕಿ ಅನ್ನ, ಗುಜ್ಜೆ ಪಲ್ಯ. ಅವನ ಮಗನಿಗೆ ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಆಟದ ಬಯಲಲ್ಲಿ ಮಲಯಾಳ. "ಕನ್ನಡ ಕ್ಲಾಸಲ್ಲಿ ಮಕ್ಕಳು ವರ್ಷ ವರ್ಷ ಕಡಿಮೆ ಆಗ್ತಾ ಉಂಟು ಮಾರಾಯ" ಎಂದ ಗೆಳೆಯ. ಪಕ್ಕದ ಮನೆಯವರು ಈ ವರ್ಷ ತಮ್ಮ ಮಗುವನ್ನು ಇಂಗ್ಲಿಷ್ ಮೀಡಿಯಂಗೆ ಹಾಕಿದ್ದರು.

ಸಂಜೆ ಎರಡೂ ಮನೆಯವರು ಸೇರಿ ಬೇಕಲ ಕೋಟೆಗೆ ಹೋದೆವು. ಹದಿನೇಳನೇ ಶತಮಾನದಲ್ಲಿ ಕೆಳದಿಯ ಶಿವಪ್ಪ ನಾಯಕ ಕಟ್ಟಿಸಿದ ಕೆಂಪು ಮುರಕಲ್ಲಿನ ಗೋಡೆಗೆ ಅಲೆ ಬಡಿಯುತ್ತಿತ್ತು. ಗೋಡೆಯ ಮೇಲೆ ಕುಳಿತು ಅವನು ನನ್ನ ಮಗಳಿಗೆ ಮಲಯಾಳದ ಅಕ್ಷರ ಬರೆದು ತೋರಿಸಿದ.

"ನಿಂಗೆ ನಾನೇನು ಕೊಡ್ಲಿ?" ಎಂದಳು ಮಗಳು.

"ಕನ್ನಡ ಕತೆ ಪುಸ್ತಕ. ಲೈಬ್ರರೀಲಿ ಇದ್ದದ್ದೆಲ್ಲ ಓದಿ ಆಯ್ತು."

ಮೊದಲ ಕಟ್ಟು ನಿನ್ನೆ ಅಂಚೆಗೆ ಹೋಯಿತು.