ನಿದ್ದೆಯ ಲೆಕ್ಕ

ನಮ್ಮ ಮನೆಯಲ್ಲಿ ಮೂರು ಗಡಿಯಾರಗಳು. ಮೂರಕ್ಕೂ ಮೂರು ಹೊತ್ತು. ನಡುಮನೆಯದು ಹತ್ತು ನಿಮಿಷ ಮುಂದೆ. ಇವರಿಗೆ ಬಸ್ಸು ತಪ್ಪದಿರಲೆಂದು ನಾನೇ ತಿರುಗಿಸಿಟ್ಟದ್ದು. ಅಡುಗೆಮನೆಯದು ಸರಿ. ಅತ್ತೆಯವರ ಕಾಲದ ಗಡಿಯಾರ ಕೀಲಿ ಕೊಡಲು ಮರೆತರೆ ನಿಂತೇಬಿಡುತ್ತದೆ.

"ನಿನ್ನ ಕಂಪ್ಯೂಟರಿಗೆ ಈ ಫಜೀತಿ ಇಲ್ಲ ಬಿಡು" ಎಂದೆ, ಬಾಣಂತನಕ್ಕೆ ಬಂದಿದ್ದ ಮಗಳಿಗೆ. ಯಂತ್ರದ ಒಳಗಿದ್ದು ಎಲ್ಲ ಕೆಲಸಗಳ ಉಸ್ತುವಾರಿ ನೋಡುವ ಪ್ರೋಗ್ರಾಮಿಗೆ ಕರ್ನಲ್ ಎನ್ನುತ್ತಾರಂತೆ. ಲಿನಕ್ಸ್ ಎಂಬ ಕರ್ನಲ್ಲಿನ ಕೆಲಸ ಅವಳದು. ನಕ್ಕುಬಿಟ್ಟಳು.

"ಅಮ್ಮಾ, ಅದರೊಳಗೆ ನಮ್ಮ ಮನೆಗಿಂತ ಹೆಚ್ಚು ಗಡಿಯಾರಗಳಿವೆ."

ಅವಳು ಹೇಳಿದ್ದರಲ್ಲಿ ನನಗೆ ದಕ್ಕಿದ್ದಿಷ್ಟು. 'ರಿಯಲ್‌ಟೈಮ್' ಎಂಬುದು 1970ರ ಜನವರಿ 1ರಿಂದ ಸೆಕೆಂಡುಗಳನ್ನು ಎಣಿಸುತ್ತ ಬಂದು ತಾರೀಖು, ಗಂಟೆ ಹೇಳುತ್ತದೆ. ಅದನ್ನು ತಿದ್ದಬಹುದು. ಆದರೆ ಅದನ್ನೇ ನಂಬಿ ಅನ್ನಕ್ಕಿಟ್ಟಾಗ ಯಾರಾದರೂ ಹತ್ತು ನಿಮಿಷ ಹಿಂದಕ್ಕೆ ತಿರುಗಿಸಿದರೆ ಅನ್ನ ಸೀದುಹೋದೀತು. ಅದಕ್ಕೇ 'ಮೊನೊಟಾನಿಕ್' ಎಂಬ ಇನ್ನೊಂದು. ಗಂಟೆ ಎಷ್ಟೆಂದು ಅದಕ್ಕೆ ತಿಳಿಯದು; ಎಷ್ಟು ಹೊತ್ತಾಯಿತೆಂದು ಮಾತ್ರ ಗೊತ್ತು. ಎಂದೂ ಹಿಂದಕ್ಕೆ ಹೋಗುವುದಿಲ್ಲ. ಆದರೆ ಯಂತ್ರವನ್ನು ಮಲಗಿಸಿದರೆ ಅದೂ ಮಲಗುತ್ತದೆ. ನಿದ್ದೆಯನ್ನೂ ಸೇರಿಸಿ ಎಣಿಸಲು 'ಬೂಟ್‌ಟೈಮ್' ಎಂಬ ಮೂರನೆಯದಿದೆ.

"ಕೊನೆಯ ಎರಡನ್ನು ಒಂದೇ ಮಾಡಬಾರದೇನೇ?"

"2018ರಲ್ಲಿ ಮಾಡಲು ಹೋಗಿದ್ದರು. ಯಂತ್ರ ನಿದ್ದೆಯಿಂದ ಎದ್ದೊಡನೆ ಕೆಲವು ಪ್ರೋಗ್ರಾಮುಗಳು 'ಇಷ್ಟು ಹೊತ್ತು ಸದ್ದೇ ಇಲ್ಲ, ಏನೋ ಕೆಟ್ಟಿದೆ' ಎಂದು ಗಾಬರಿಬಿದ್ದವು. ಮತ್ತೆ ಬೇರೆ ಮಾಡಿದರು. ಆಪಲ್ ಕಂಪನಿಯ ಮ್ಯಾಕ್‌ನಲ್ಲಿ ಇದೇ ಮೊನೊಟಾನಿಕ್ ಹೆಸರಿನದು ನಿದ್ದೆಯನ್ನೂ ಎಣಿಸುತ್ತೆ. ಬರೀ ಹೆಸರು ನಂಬಬಾರದಮ್ಮ."

ಆ ರಾತ್ರಿ ನನಗೆ ಹಳೆಯದೊಂದು ನೆನಪಾಯಿತು. ಮದುವೆಗೆ ಮುಂಚೆ ನಾಲ್ಕು ವರ್ಷ ಟೀಚರಾಗಿದ್ದೆ. ಮದುವೆಯಾದ ಮೇಲೆ ಬಿಟ್ಟೆ. ಹನ್ನೊಂದು ವರ್ಷ ಕಳೆದು ಇನ್ನೊಂದು ಶಾಲೆಗೆ ಸೇರುವಾಗ ಅಲ್ಲಿಯ ಗುಮಾಸ್ತರು 'ಅನುಭವ: ನಾಲ್ಕು ವರ್ಷ' ಎಂದು ಬರೆದುಕೊಂಡರು. ಪಾರ್ಶ್ವವಾಯು ಬಡಿದ ಅತ್ತೆಯವರ ಆರೈಕೆ, ಮಗಳ ಮಗ್ಗಿ, ಮೈದುನನ ಮದುವೆ, ಎಲ್ಲವೂ ಆ ಲೆಕ್ಕದಲ್ಲಿ ನಿದ್ದೆ. ಕಣ್ಣಲ್ಲಿ ನೀರು ಬಂದಿತ್ತು. ಅವರು ಬರೆದದ್ದು ಸುಳ್ಳಲ್ಲ. ಆ ಗಡಿಯಾರ ಎಣಿಸುವುದೇ ಅಷ್ಟು. ಅದೊಂದೇ ಗಡಿಯಾರವೆಂದು ಇಷ್ಟು ವರ್ಷ ನಂಬಿದ್ದು ನನ್ನ ತಪ್ಪು.

ರಜೆ ಮುಗಿಸಿ ಹೊರಡುವ ದಿನ ಮಗಳು ಸಪ್ಪಗಿದ್ದಳು. "ಆರು ತಿಂಗಳು ಹಿಂದೆ ಬಿದ್ದೆ ಅಮ್ಮಾ."

"ಯಾವ ಗಡಿಯಾರದಲ್ಲಿ?" ಎಂದೆ.

ಅರ್ಥವಾಯಿತು. ಮಗುವನ್ನು ಎತ್ತಿಕೊಂಡು ನಕ್ಕಳು.