ಓಗೊಡುವ ಆಂಪ್ಲಿಫೈಯರ್

ಹೋಮ್ ಥಿಯೇಟರಿನ ಸುಖದಲ್ಲಿ ಅರ್ಧ ಸಿನಿಮಾ ನೋಡುವುದರಲ್ಲಿದ್ದರೆ ಇನ್ನರ್ಧ ಸಾಮಾನು ಆರಿಸುವುದರಲ್ಲಿದೆ. ಯಾವ ಸ್ಪೀಕರ್, ಎಷ್ಟು ವ್ಯಾಟಿನ ಆಂಪ್ಲಿಫೈಯರ್, ವೂಫರ್ ಯಾವ ಮೂಲೆಗೆ, ವೈರು ಯಾವ ಗೋಡೆಯೊಳಗೆ ಎಂಬ ಲೆಕ್ಕದಲ್ಲಿ ತಿಂಗಳುಗಟ್ಟಲೆ ಮುಳುಗಿರುವವರನ್ನು ಮಾತಾಡಿಸಿ ನೋಡಿ, ಮುಖವೇ ಅರಳುತ್ತದೆ. ಈಗ ಈ ಲೆಕ್ಕಕ್ಕೆ ಮನೆಯ ಆಟೊಮೇಷನ್ನೂ ಸೇರಿಕೊಂಡಿದೆ. ‘ಸಿನಿಮಾ’ ಎಂಬ ಒಂದೇ ಗುಂಡಿ ಒತ್ತಿದರೆ ದೀಪ ಮಂದವಾಗಬೇಕು, ಕಿಟಕಿಯ ಪರದೆ ಇಳಿಯಬೇಕು, ಟೀವಿ ಹೊತ್ತಬೇಕು, ಆಂಪ್ಲಿಫೈಯರ್ ಸರಿಯಾದ ಇನ್‌ಪುಟ್ಟಿಗೆ ತಿರುಗಬೇಕು. ಅಂಗಡಿಗೆ ಹೋದವರು ಈ ಬಗ್ಗೆ ಕೇಳುವ ಪ್ರಶ್ನೆ ಬಹುಮಟ್ಟಿಗೆ ಒಂದೇ: ‘ಇದು ಅಲೆಕ್ಸಾ ಜೊತೆ ಕೆಲಸ ಮಾಡುತ್ತಾ?’ ನನ್ನ ತಕರಾರು ಈ ಪ್ರಶ್ನೆಯ ಮೇಲೆಯೇ. ಹೇಳಿದ್ದನ್ನು ಕೇಳುವ ಯಂತ್ರಗಳು ಬೇಕಾದಷ್ಟಿವೆ. ಹೇಳಿದ್ದು ಆಯಿತೋ ಇಲ್ಲವೋ ಎಂದು ಮರಳಿ ತಿಳಿಸುವವು ಕಡಿಮೆ. ಆರಿಸಬೇಕಾದದ್ದು ಈ ಎರಡನೆಯ ಜಾತಿಯನ್ನು, ಅದರಲ್ಲೂ ಹೊರಗಿನ ಯಾವ ಸರ್ವರಿನ ಅಪ್ಪಣೆಗೂ ಕಾಯದೆ ಮನೆಯೊಳಗೇ ಉತ್ತರ ಕೊಡುವಂಥದ್ದನ್ನು.

1949ರಲ್ಲಿ ಕೈಗಾರಿಕಾ ಉಪನಗರವಾಗಿ ಹುಟ್ಟಿದ ಬೆಂಗಳೂರಿನ ರಾಜಾಜಿನಗರದ ಸುತ್ತಮುತ್ತಲಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾಮಾಕ್ಷಿಪಾಳ್ಯದ ಯಾವ ಶೆಡ್ಡಿನಲ್ಲಾದರೂ ವಿಚಾರಿಸಿ, ಟೇಬಲ್ಲು ಕೊನೆ ಮುಟ್ಟಿತು ಎಂದು ಲಿಮಿಟ್ ಸ್ವಿಚ್ ಹೇಳುವ ತನಕ ಮಿಷನ್ನು ಮುಂದಿನ ಕೆಲಸಕ್ಕೆ ಹೋಗುವುದಿಲ್ಲ. ನಮ್ಮ ಇನ್‌ಫ್ರಾರೆಡ್ ರಿಮೋಟಿಗೆ ಆ ಲಿಮಿಟ್ ಸ್ವಿಚ್ಚೇ ಇಲ್ಲ. ಸುಮಾರು 38 ಕಿಲೊಹರ್ಟ್ಸ್‌ನಲ್ಲಿ ಮಿಣುಕುವ ಬೆಳಕು ಹೋಗುತ್ತದೆ, ಆ ಕಡೆಯಿಂದ ಏನೂ ಬರುವುದಿಲ್ಲ. ರಿಮೋಟ್ ಹಿಡಿದವರಿಗೆ ಕಣ್ಣಿದೆ, ಸಾಲುತ್ತದೆ. ಆಟೊಮೇಷನ್ನಿಗೆ ಕಣ್ಣಿಲ್ಲ. ಅದರ ಮೇಲೆ ಎಷ್ಟೋ ರಿಮೋಟುಗಳಲ್ಲಿ ಹೊತ್ತಿಸಲಿಕ್ಕೂ ಆರಿಸಲಿಕ್ಕೂ ಇರುವುದು ಒಂದೇ ಗುಂಡಿ. ಮಧ್ಯಾಹ್ನ ಹಾಡು ಕೇಳಿದ ಮಕ್ಕಳು ಆಂಪ್ಲಿಫೈಯರನ್ನು ಹಾಗೇ ಬಿಟ್ಟು ಎದ್ದಿದ್ದರೆ, ರಾತ್ರಿ ‘ಸಿನಿಮಾ’ ಗುಂಡಿ ಒತ್ತಿದಾಗ ದೀಪ ಮಂದವಾಗುವುದರ ಜೊತೆಗೆ ಆಂಪ್ಲಿಫೈಯರ್ ಆರಿಯೇ ಹೋಗುತ್ತದೆ.

ಇದಕ್ಕೆ ಪ್ರತಿಯಾಗಿ ಡೆನಾನ್, ಮರಾಂಟ್ಜ್ ಕಂಪನಿಗಳ ನೆಟ್‌ವರ್ಕ್ ರಿಸೀವರುಗಳನ್ನು, ಅಂದರೆ ಮನೆಯ ನೆಟ್‌ವರ್ಕಿಗೆ ಸೇರುವ ಆಂಪ್ಲಿಫೈಯರುಗಳನ್ನು ನೋಡಿ. ಅವು ಆಡುವ ಭಾಷೆ ಬಹಳ ಹಳೆಯದು, 1969ರಲ್ಲಿ ಹುಟ್ಟಿದ ಟೆಲ್ನೆಟ್. 23ನೇ ಪೋರ್ಟಿಗೆ ‘ಎಂವಿ50’ ಎಂದು ಕಳಿಸಿದರೆ ವಾಲ್ಯೂಮ್ 50ಕ್ಕೆ ಬಂದು ನಿಲ್ಲುತ್ತದೆ, ‘ಎಂವಿ50’ ಎಂಬ ಉತ್ತರವೂ ಮರಳುತ್ತದೆ. ‘ಎಂವಿ’ಗೆ ಸುಮ್ಮನೆ ಪ್ರಶ್ನಾರ್ಥಕ ಚಿಹ್ನೆ ಸೇರಿಸಿ ಕೇಳಿದರೆ ಈಗ ಎಷ್ಟಿದೆ ಎಂದು ಹೇಳುತ್ತದೆ. ಸೊಗಸಿರುವುದು ಇದರ ಮುಂದೆ: ಯಾರೋ ಎದ್ದು ಹೋಗಿ ಮುಂಭಾಗದ ತಿರುಗುಗುಂಡಿಯನ್ನು ಅರ್ಧ ಹೆಜ್ಜೆ ತಿರುಗಿಸಿದರೆ, ಯಾರೂ ಕೇಳದಿದ್ದರೂ ‘ಎಂವಿ505’ ಎಂದು ತಾನಾಗಿ ವರದಿ ಒಪ್ಪಿಸುತ್ತದೆ. ಐವತ್ತೂವರೆ ಎಂದು ಅರ್ಥ. 2013ರಿಂದ ಬೆಳೆದುಬಂದಿರುವ ಹೋಮ್ ಅಸಿಸ್ಟೆಂಟ್ ಎಂಬ ಉಚಿತ ತಂತ್ರಾಂಶ, ಅಂಗೈಯಗಲದ ರಾಸ್ಪ್‌ಬೆರಿ ಪೈ ಕಂಪ್ಯೂಟರಿನ ಮೇಲೆ ಕೂತು ಇಂಥ ವರದಿಗಳನ್ನೆಲ್ಲ ಕೇಳಿಸಿಕೊಳ್ಳಬಲ್ಲದು. ಒಂದೇ ಕಿರಿಕಿರಿ: ಮಲಗಿರುವಾಗಲೂ ಓಗೊಡಬೇಕಾದರೆ ರಿಸೀವರಿನ ನೆಟ್‌ವರ್ಕ್ ಭಾಗ ಎಚ್ಚರವಾಗಿರಬೇಕು, ಆ ಸೆಟ್ಟಿಂಗನ್ನು ಮೆನುವಿನಲ್ಲಿ ಹುಡುಕಿ ಹಾಕಬೇಕು, ಅದಕ್ಕೆ ಬೆಸ್ಕಾಂ ಬಿಲ್ಲಿನಲ್ಲಿ ಚೂರು ತೆರಬೇಕು.

ಮನೆಯೊಳಗೇ ಉತ್ತರ ಬರಬೇಕು ಎನ್ನುವ ಹಟ ಯಾಕೆ? ಒಳ್ಳೆಯ ಸ್ಪೀಕರ್ ಇಪ್ಪತ್ತು, ಮೂವತ್ತು ವರ್ಷ ಬಾಳುತ್ತದೆ. ಕ್ಲೌಡ್ ಸೇವೆಗೆ ಆ ಆಯುಸ್ಸಿಲ್ಲ. ಮನೆಯ ಯಂತ್ರಗಳನ್ನು ಬೆಸೆಯುವ ರಿವಾಲ್ವ್ ಎಂಬ ಹಬ್ ತಯಾರಕರನ್ನು ನೆಸ್ಟ್ ಕಂಪನಿ 2014ರಲ್ಲಿ ಕೊಂಡು 2016ರಲ್ಲಿ ಆ ಸೇವೆಯನ್ನು ಮುಚ್ಚಿತು. ಥಿಯೇಟರ್ ಪ್ರಿಯರ ಮುದ್ದಿನ ಹಾರ್ಮನಿ ರಿಮೋಟ್ ತಯಾರಿಕೆಯನ್ನು ಲಾಜಿಟೆಕ್ 2021ರಲ್ಲಿ ಕೈಬಿಟ್ಟಿತು. 2022ರ ಏಪ್ರಿಲಿನಲ್ಲಿ ಇನ್‌ಸ್ಟಿಯಾನ್ ಎಂಬ ಆಟೊಮೇಷನ್ ಕಂಪನಿಯ ಸರ್ವರುಗಳು ಹೇಳದೆ ಕೇಳದೆ ಬಂದ್ ಆದವು. ಕೊನೆಗೆ ಬಳಕೆದಾರರದೇ ಒಂದು ಗುಂಪು ಕಂಪನಿಯನ್ನು ಕೊಂಡು ಎಬ್ಬಿಸಬೇಕಾಯಿತು. ಅಷ್ಟು ದೂರವೂ ಹೋಗಬೇಕಿಲ್ಲ, ವಿಜಯನಗರದಲ್ಲಿ ಒಂದು ಮಳೆ ಬಂದು ಕರೆಂಟ್ ಹೋಗಿ ಬಂದರೆ ಸಾಕು. ವೈಫೈ ರೂಟರ್ ಏಳುವ ತನಕ ಯಾರಿಗೆ ಯಾರ ಸ್ಥಿತಿಯೂ ಗೊತ್ತಿಲ್ಲ. ಎದ್ದ ಮೇಲೆ ಪ್ರತಿ ಯಂತ್ರವನ್ನೂ ‘ನೀನೀಗ ಹೇಗಿದ್ದೀಯ’ ಎಂದು ಕೇಳಿ ತಿಳಿದುಕೊಳ್ಳುವ ಮನೆ ಒಂದು ನಿಮಿಷದಲ್ಲಿ ಸಾವರಿಸಿಕೊಳ್ಳುತ್ತದೆ. ಊಹೆಯ ಮೇಲೆ ನಡೆಯುವ ಮನೆಯಲ್ಲಿ ಮನೆಮಂದಿಯೇ ಒಂದೊಂದಾಗಿ ಸರಿಪಡಿಸುತ್ತ ಓಡಾಡಬೇಕು.

ನಮ್ಮ ಕಡೆಯ ಮನೆಗಳ ಅಳತೆಯೇ ಈ ವಾದಕ್ಕೆ ಇನ್ನೊಂದು ಸಾಕ್ಷಿ. ಬಸವೇಶ್ವರನಗರದಲ್ಲೋ ಕೆಂಗೇರಿ ಉಪನಗರದಲ್ಲೋ 20×30, 30×40 ಸೈಟಿನ ಮನೆಯ ಹಾಲ್ ಹತ್ತು ಅಡಿ ಅಗಲ, ಹದಿನೈದು ಅಡಿ ಉದ್ದ ಎಂದಿಟ್ಟುಕೊಳ್ಳಿ. ತಾರಸಿಯೂ ಹತ್ತಡಿ ಎತ್ತರ. ಶಬ್ದದ ವೇಗವನ್ನು ಅಗಲದ ಎರಡರಷ್ಟರಿಂದ ಭಾಗಿಸಿದರೆ ಹಾಲ್ ಅನುರಣಿಸುವ ಸ್ವರ ಸಿಗುತ್ತದೆ, ಸುಮಾರು 56 ಹರ್ಟ್ಸ್. ಎತ್ತರಕ್ಕೂ ಅದೇ 56. ಎರಡೂ ಒಂದೇ ಕಡೆ ಗುಡ್ಡೆ ಬಿದ್ದು, ತಮಟೆಯ ಒಂದು ಪೆಟ್ಟು ಹಾಲಿನಲ್ಲಿ ಸುಮ್ಮನೆ ಗುಂಯ್‌ಗುಡುತ್ತ ಉಳಿಯುತ್ತದೆ. ವಿಟ್ರಿಫೈಡ್ ಟೈಲ್ಸ್, ನುಣ್ಣನೆ ಪ್ಲಾಸ್ಟರ್ ಅದರ ಮೇಲಿನ ಸ್ವರಗಳನ್ನೂ ಹೀರುವುದಿಲ್ಲ. ಜಮಖಾನ, ದಪ್ಪ ಪರದೆ ಬೇಕು. ವೂಫರನ್ನು ಅಡಿ ಎರಡಡಿ ಸರಿಸಿ ಸರಿಸಿ ಜಾಗ ಹುಡುಕುವುದಂತೂ ಕೈಯಿಂದಲೇ ಆಗಬೇಕಾದ ಕೆಲಸ, ಯಾವ ಆ್ಯಪೂ ಮಾಡಿಕೊಡದು. ಇನ್ನು ಪಕ್ಕದ ಮನೆ, ಮೂರಡಿ ಸಂದಿಯಾಚೆ. ವಸತಿ ಪ್ರದೇಶದಲ್ಲಿ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಶಬ್ದ 45 ಡೆಸಿಬಲ್ ಮೀರಬಾರದು ಎನ್ನುತ್ತವೆ 2000ದ ಶಬ್ದಮಾಲಿನ್ಯ ನಿಯಮಗಳು. ಗೋಡೆ ತೂರುವುದರಲ್ಲಿ ವೂಫರಿನ ಸದ್ದಿಗೆ ಸಾಟಿಯಿಲ್ಲ. ಆಟೊಮೇಷನ್ನಿನ ನಿಜವಾದ ಉಪಯೋಗ ನನಗೆ ಕಾಣುವುದು ಇಲ್ಲಿ, ಹತ್ತು ಗಂಟೆಗೆ ವೂಫರ್ ತಾನಾಗಿ ತಗ್ಗುವುದರಲ್ಲಿ. ‘ಆರು ಡೆಸಿಬಲ್ ಇಳಿಸು’ ಎಂಬ ಆಜ್ಞೆಯನ್ನು ಕುರುಡಾಗಿ ಎರಡು ಸಲ ಕಳಿಸಿದರೆ ಹನ್ನೆರಡು ಇಳಿದು ಕೂರುತ್ತದೆ, ಬೆಳಿಗ್ಗೆ ಎಲ್ಲಿಗೆ ಏರಿಸಬೇಕೆಂದು ಯಾರಿಗೂ ತಿಳಿಯದು. ಈಗ ಎಷ್ಟಿದೆ ಎಂದು ಕೇಳಿ ಇಳಿಸಿದರೆ ಆ ಗೊಂದಲವಿಲ್ಲ. ಚಿತ್ರಕ್ಕೆ ತಕ್ಕ ಧ್ವನಿ ವಿಧಾನಕ್ಕೂ ಇದೇ ಮಾತು. ‘ಕಸ್ತೂರಿ ನಿವಾಸ’ದ ಕಾಲದ ಮೊನೊ ಚಿತ್ರಗಳನ್ನು ಅಟ್ಮಾಸ್ ಸ್ಪೀಕರುಗಳಿಗೆಲ್ಲ ಹರಡಿ ರಾಜ್‌ಕುಮಾರ್ ಅವರ ದನಿಯನ್ನು ತಾರಸಿಯಿಂದ ಇಳಿಸುವುದು ಅಪಚಾರ, ಆ ದನಿ ಮುಂದಿನ ನಡುವಿನ ಸ್ಪೀಕರಿನಿಂದ ಬರಲಿ.

ಇಷ್ಟೆಲ್ಲ ಯಾಕೆ, ಒಂದು ಸೌಂಡ್‌ಬಾರ್ ಸಾಲದೇ ಎನ್ನುವವರಿದ್ದಾರೆ. ಬಾಡಿಗೆ ಮನೆಯಲ್ಲಿರುವವರಿಗೆ, ಗೋಡೆ ಕೊರೆಯಲು ಮಾಲೀಕರ ಒಪ್ಪಿಗೆ ಸಿಗದವರಿಗೆ ಸಾಲುತ್ತದೆ, ಅದರಲ್ಲಿ ಜಗಳವಿಲ್ಲ. ಎಚ್‌ಡಿಎಂಐ ಕೇಬಲ್ಲಿನ 13ನೇ ಪಿನ್ನಿನಲ್ಲಿ ಹರಿಯುವ ಸಿಇಸಿ ಸಂದೇಶಗಳು ಟೀವಿ, ಬಾರ್ ಎರಡನ್ನೂ ಒಟ್ಟಿಗೆ ಎಬ್ಬಿಸುತ್ತವೆ. ಆದರೆ ಒಂದೊಂದು ಕಂಪನಿ ಅದನ್ನು ಒಂದೊಂದು ಬಗೆಯಲ್ಲಿ ಅಳವಡಿಸಿರುವುದರಿಂದ ನಾಲ್ಕು ಪೆಟ್ಟಿಗೆ ಸೇರಿದ ಕಡೆ ಸೆಟ್‌ಟಾಪ್ ಬಾಕ್ಸ್ ಆರಿಸಿದ್ದಕ್ಕೆ ಟೀವಿಯೂ ಮಲಗುವುದುಂಟು. ರಿಮೋಟಿನ ಇನ್‌ಫ್ರಾರೆಡ್ ಆಜ್ಞೆಗಳನ್ನು ತಾನೇ ಕಳಿಸುವ, ಸಾವಿರ ಚಿಲ್ಲರೆಯ ಐಆರ್ ಬ್ಲಾಸ್ಟರ್ ಇದೆಯಲ್ಲ ಎನ್ನುವ ವಾದಕ್ಕೆ ಮೇಲೆಯೇ ಉತ್ತರ ಸಿಕ್ಕಿದೆ. ಏಸಿ, ಫ್ಯಾನಿಗೆ ಇಟ್ಟುಕೊಳ್ಳಲಿ. ಗಟ್ಟಿಯಾದ ಆಕ್ಷೇಪ ಇನ್ನೊಂದು: ಮನೆಯ ಹಿರಿಯರಿಗೆ ಇದು ಬರುವುದಿಲ್ಲ. ನಿಜ. ಹಾಗಾಗಿಯೇ ಮುಂಭಾಗದಲ್ಲಿ ಗುಂಡಿಯೇ ಇಲ್ಲದ, ಆ್ಯಪಿಲ್ಲದೆ ಅಲುಗದ ಪೆಟ್ಟಿಗೆಗಳನ್ನು ದೂರ ಇಡಬೇಕು. ಅಜ್ಜಿ ಗುಂಡಿ ತಿರುಗಿಸಲಿ, ಯಂತ್ರ ಅದನ್ನು ಮನೆಗೆ ತಿಳಿಸಲಿ. ಉತ್ತರ ಕೊಡುವ ಯಂತ್ರವಿರುವ ಮನೆಯಲ್ಲಿ ಕೈಯಿಂದ ಮಾಡಿದ್ದಕ್ಕೂ ತಾನಾಗಿ ನಡೆಯುವುದಕ್ಕೂ ತಿಕ್ಕಾಟ ಬರುವುದಿಲ್ಲ.

ಮನೆ ಕಟ್ಟುತ್ತಿರುವವರು ಪ್ಲಾಸ್ಟರಿಗೆ ಮುಂಚೆ ಟೀವಿ ಗೋಡೆಯಿಂದ ರಿಸೀವರ್ ಇಡುವ ಜಾಗಕ್ಕೆ ಅಗಲವಾದ ಪೈಪ್ ಹಾಕಿಸಿ, ಒಳಗೊಂದು ಎಳೆತಂತಿ ಬಿಡಿಸಿರಲಿ. ಎಚ್‌ಡಿಎಂಐ ಕೇಬಲ್ ನಾಲ್ಕಾರು ವರ್ಷಕ್ಕೆ ಹಳತಾಗುತ್ತದೆ, ಪೈಪ್ ಆಗುವುದಿಲ್ಲ. ಜೊತೆಗೆ ಒಂದು ಕ್ಯಾಟ್ 6 ನೆಟ್‌ವರ್ಕ್ ಕೇಬಲ್, ಎಸ್‌.ಪಿ. ರಸ್ತೆಗೆ ಒಮ್ಮೆ ಹೋಗಿ ಬಂದರೆ ಮುಗಿಯುವ ಖರ್ಚು. ಇನ್ನು ಅಂಗಡಿ. ಅಲ್ಲಿ ಹೋದ ತಕ್ಷಣ ಬಾಂಬ್ ಸಿಡಿಯುವ ದೃಶ್ಯ ಹಾಕಿ ಕಿವಿ ತುಂಬಿಸುತ್ತಾರೆ. ಮುಗಿಯಲಿ. ಆಮೇಲೆ ಫೋನಿನಲ್ಲಿ ಕಂಪನಿಯ ಆ್ಯಪ್ ತೆರೆದು ವಾಲ್ಯೂಮ್ ನಲವತ್ತಕ್ಕೆ ಇಡಲು ಹೇಳಿ. ಅಂಗಡಿಯ ಇಂಟರ್‌ನೆಟ್ ತಂತಿಯನ್ನು ಕಿತ್ತು, ವೈಫೈ ಮಾತ್ರ ಉಳಿಸಿ, ರಿಸೀವರಿನ ಗುಂಡಿಯನ್ನು ನೀವೇ ಕೈಯಿಂದ ಒಂದು ಸುತ್ತು ತಿರುಗಿಸಿ. ಫೋನಿನ ಅಂಕಿ ಅದರೊಂದಿಗೇ ಓಡಿದರೆ ಬೆಲೆಯ ಮಾತಿಗೆ ಕೂರಬಹುದು.